ಸುವರ್ಣಗಡ್ಡೆ ಬೇರೆ, ಹೆಗ್ಗೆಣಸು ಬೇರೆ: ಅಡುಗೆ ಮಾಡುವ ಬಗೆ



ಸಿಂಧನೂರು, ಲಿಂಗಸುಗೂರು, ಮಸ್ಕಿಯ ಸಂತೆಗಳಲ್ಲಿ ಉಳ್ಳಾಗಡ್ಡಿ, ಆಲೂಗಡ್ಡೆಗಳ ಪಕ್ಕದಲ್ಲಿ ಮಣ್ಣು ಮೆತ್ತಿದ ಸುವರ್ಣಗಡ್ಡೆಯೂ ಒಮ್ಮೊಮ್ಮೆ ಮಾರಾಟಕ್ಕೆ ಬರುತ್ತದೆ. ನೋಡಿ ಮುಂದೆ ಹೋಗುವವರೇ ಹೆಚ್ಚು. ಏಕೆಂದು ಕೇಳಿದರೆ "ಗಂಟಲು ಕೆರೀತೈತ್ರಿ" ಎನ್ನುತ್ತಾರೆ. ಒಮ್ಮೆ ಬಾಯಿ ತುರಿಸಿದ ಮನೆಯಲ್ಲಿ ಆ ಗಡ್ಡೆ ಮತ್ತೆ ಒಲೆ ಏರುವುದಿಲ್ಲ. ಆದರೆ ಸಿಂಧನೂರಿನ ಹತ್ತಿರದ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆಸಿದ ಬಂಗಾಳಿ ಕುಟುಂಬಗಳನ್ನು ವಿಚಾರಿಸಿ ನೋಡಿರಿ. ಬಂಗಾಳದಲ್ಲಿ ಇದಕ್ಕೆ 'ಓಲ್' ಎಂದು ಹೆಸರು. ಬೇಯಿಸಿ, ಕಿವುಚಿ, ಸಾಸಿವೆ ಎಣ್ಣೆ ಮತ್ತು ಹಸಿಮೆಣಸಿನಕಾಯಿ ಕೂಡಿಸಿ ಅನ್ನದೊಡನೆ ಉಣ್ಣುವುದು ಅಲ್ಲಿಯ ಹಳೆಯ ರೂಢಿ. ಗಡ್ಡೆ ಒಂದೇ, ಅದನ್ನು ಹದಮಾಡುವ ಅರಿವಿನಲ್ಲಿ ಮಾತ್ರ ವ್ಯತ್ಯಾಸ.

ಗೊಂದಲಕ್ಕೆ ಹೆಸರೂ ಒಂದು ಕಾರಣ. ನಮ್ಮಲ್ಲಿ ಗೆಣಸು ಎಂದರೆ ಶಿವರಾತ್ರಿಯ ಸಿಹಿಗೆಣಸು. ಇಂಗ್ಲಿಷಿನಲ್ಲಿ 'ಯಾಮ್' ಎಂಬ ಒಂದೇ ಹೆಸರು ಹೆಗ್ಗೆಣಸಿಗೂ ಸುವರ್ಣಗಡ್ಡೆಗೂ ಸಲ್ಲುತ್ತದೆ. ಹೆಗ್ಗೆಣಸು ಬಳ್ಳಿಯ ಬೆಳೆ, ಎಲೆ ಹೃದಯದ ಆಕಾರದ್ದು. ಸುವರ್ಣಗಡ್ಡೆಯಾದರೋ ಕೆಸುವಿನ ಕುಲದ್ದು. ಚುಕ್ಕೆಗಳುಳ್ಳ ಒಂದೇ ದಪ್ಪ ದಂಟು, ಮೇಲೆ ಕೊಡೆಯಂತೆ ಹರಡಿದ ಎಲೆ, ಗಡ್ಡೆಯ ನಡುವೆ ತಗ್ಗು. ಮೊಬೈಲಿನಲ್ಲಿ ಆಫ್ರಿಕದ 'ಯಾಮ್' ಅಡುಗೆ ನೋಡಿ ಅದನ್ನು ಸುವರ್ಣಗಡ್ಡೆಯಿಂದ ಮಾಡಹೊರಟರೆ ಮನೆಮಂದಿಯೆಲ್ಲ ಬಾಯಿ ಉರಿಸಿಕೊಳ್ಳಬೇಕಾದೀತು.

ತುರಿಕೆ ಏಕೆ? ಹೇಗೆ ಕಳೆಯಬೇಕು?

ಸುವರ್ಣಗಡ್ಡೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಅವು ಚರ್ಮಕ್ಕೂ ಗಂಟಲಿಗೂ ಚುಚ್ಚಿ ನವೆ ಎಬ್ಬಿಸುತ್ತವೆ. ಈ ಹರಳು ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಬರೀ ತೊಳೆದರೆ ಪ್ರಯೋಜನವಿಲ್ಲ. ಹುಳಿ ಮತ್ತು ಪೂರ್ಣ ಬೇಯಿಸುವಿಕೆ ಎರಡೂ ಬೇಕು.

ಹೆಚ್ಚುವ ಮುನ್ನ ಕೈಗೆ ಶೇಂಗಾ ಎಣ್ಣೆ ಸವರಿಕೊಳ್ಳಿರಿ. ಕೈಯೂ ಗಡ್ಡೆಯೂ ಒಣಗಿರಲಿ, ಒದ್ದೆ ಕೈಗೆ ನವೆ ಬೇಗ ಹತ್ತುತ್ತದೆ. ಸಿಪ್ಪೆಯನ್ನು ದಪ್ಪವಾಗಿ ತೆಗೆಯಬೇಕು, ಇಲ್ಲಿ ಜಿಪುಣತನ ಸಲ್ಲದು. ಅರ್ಧ ಕಿಲೋ ಹೋಳಿಗೆ ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು ಕಿವುಚಿದ ನೀರು, ಒಂದು ಚಮಚ ಉಪ್ಪು, ಚಿಟಿಕೆ ಅರಿಶಿಣ ಹಾಕಿ ಅರ್ಧ ಗಂಟೆ ನೆನೆಯಿಡಿರಿ. ಆ ನೀರು ಚೆಲ್ಲಿ, ಹೊಸ ಹುಳಿ ನೀರಿನಲ್ಲಿ ಹೋಳು ಬೆರಳಿಗೆ ಮೆತ್ತಗಾಗುವವರೆಗೆ ಬೇಯಿಸಿ, ಅದನ್ನೂ ಬಸಿಯಿರಿ. ಅರೆಬೆಂದ ಹೋಳನ್ನು ರುಚಿ ನೋಡುವ ಅಭ್ಯಾಸ ಬೇಡ, ಮಕ್ಕಳಿಗಂತೂ ಕೊಡಲೇಬೇಡಿರಿ. ಬಳಿಕ ಸಾಸಿವೆ, ಕರಿಬೇವು, ಬೆಳ್ಳುಳ್ಳಿ ಒಗ್ಗರಣೆಗೆ ಹೋಳು ಹಾಕಿ, ಖಾರಪುಡಿ, ಹುರಿದ ಶೇಂಗಾ ಪುಡಿ ಉದುರಿಸಿ ಹುರಿದರೆ ಜೋಳದ ರೊಟ್ಟಿಗೆ ಒಳ್ಳೆಯ ಪಲ್ಯ.

ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಉಳ್ಳವರು ವೈದ್ಯರನ್ನು ಕೇಳದೆ ಇದನ್ನು ತಿನ್ನಬಾರದು.

ಹೆಗ್ಗೆಣಸಿನ ಅಡುಗೆ

ಜಗತ್ತಿನಲ್ಲಿ ಬೆಳೆಯುವ ಹೆಗ್ಗೆಣಸಿನಲ್ಲಿ ಅರ್ಧಕ್ಕಿಂತ ಹೆಚ್ಚು ನೈಜೀರಿಯ ದೇಶದ್ದು. ಅಲ್ಲಿಯ ನೈಋತ್ಯ ಭಾಗದ ಯೊರುಬಾ ಜನರಿಗೆ ಇದು ನಮ್ಮ ಜೋಳವಿದ್ದಂತೆ. ಬೇಯಿಸಿ ಒರಳಿನಲ್ಲಿ ಕುಟ್ಟಿ ಮಾಡಿದ ಮುದ್ದೆಗೆ 'ಇಯಾನ್' ಎನ್ನುತ್ತಾರೆ. ಒಣಗಿಸಿ ಬೀಸಿದ ಹಿಟ್ಟನ್ನು ಕುದಿನೀರಿಗೆ ಸುರಿದು ಕೋಲಿನಿಂದ ತಿರುವಿದರೆ 'ಅಮಾಲ'. ಸಂಗಟಿ ಮಾಡುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುದ್ದೆಯ ಜೊತೆ ಸೊಪ್ಪಿನ ಖಾರದ ಸಾರು ಉಣ್ಣುವುದೂ ಉಂಟು. ನಮ್ಮ ಪುಂಡಿಪಲ್ಲೆ ಅದಕ್ಕೆ ಚೆನ್ನಾಗಿ ಹೊಂದೀತೆಂದು ನನ್ನ ಎಣಿಕೆ.

ಒಂದು ಮಾತು ನೆನಪಿಡಬೇಕು. ಕುಟ್ಟಿದ ಮುದ್ದೆಗೆ ಅವರು ಬಳಸುವುದು ಆಫ್ರಿಕದ ಬಿಳಿ ಹೆಗ್ಗೆಣಸು. ನಮ್ಮ ದೇಶದಲ್ಲಿ ಹೆಚ್ಚಾಗಿರುವ ಹೆಗ್ಗೆಣಸಿನಲ್ಲಿ ನೀರಿನಂಶ ಜಾಸ್ತಿ, ಕುಟ್ಟಿದರೆ ಅಷ್ಟು ಜಿಗಿ ಬರುವುದಿಲ್ಲ. ಇಂಥ ಗೆಣಸಿಗೆ ಯೊರುಬಾದವರಲ್ಲೇ ಇಜೆಬು ಎಂಬ ಜನ 'ಇಕೊಕೊರೆ' ಎಂಬ ಬೇರೆ ಅಡುಗೆ ಕಂಡುಕೊಂಡಿದ್ದಾರೆ. ನಮಗೆ ಸರಿಹೋಗುವುದು ಇದೇ.

ಒಂದು ಕಿಲೋ ಹೆಗ್ಗೆಣಸಿನ ಸಿಪ್ಪೆ ತೆಗೆದು, ತೊಳೆದು, ಸಣ್ಣಗೆ ತುರಿಯಿರಿ. ಇದರ ಲೋಳೆಯೂ ಕೆಲವರಿಗೆ ಸ್ವಲ್ಪ ನವೆ ತರುವುದರಿಂದ ಕೈಗೆ ಎಣ್ಣೆ ಇರಲಿ. ಉಪ್ಪು ಬೆರೆಸಿ ವಡೆ ಹಿಟ್ಟಿನ ಹದಕ್ಕೆ ಕಲಸಿರಿ, ನೀರು ಹಾಕಬೇಡಿರಿ. ಬೋಗುಣಿಯಲ್ಲಿ ಎಣ್ಣೆ ಕಾಯಿಸಿ ಎರಡು ಉಳ್ಳಾಗಡ್ಡಿ, ಎರಡು ಟೊಮ್ಯಾಟೊ, ಅರೆದ ಕೆಂಪು ಮೆಣಸಿನಕಾಯಿ ಬಾಡಿಸಿ, ಅರ್ಧ ಲೀಟರ್ ನೀರು ಹೊಯ್ದು ಕುದಿಸಿರಿ. ಅವರು ಕೆಂಪು ತಾಳೆ ಎಣ್ಣೆ, ಒಣ ಮೀನು ಹಾಕುತ್ತಾರೆ, ನಮಗೆ ಶೇಂಗಾ ಎಣ್ಣೆ ಸಾಕು. ಕುದಿಯುವ ಸಾರಿಗೆ ತುರಿಯನ್ನು ಚಮಚದಿಂದ ಉಂಡೆ ಉಂಡೆಯಾಗಿ ಬಿಡಿರಿ. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ 15-20 ನಿಮಿಷ ಕೈಯಾಡಿಸದೆ ಬಿಡಬೇಕು. ಅವಸರಪಟ್ಟು ತಿರುವಿದರೆ ಎಲ್ಲವೂ ಅಂಬಲಿಯಾಗುತ್ತದೆ. ಉಂಡೆಗಳು ಗಟ್ಟಿಯಾದ ಮೇಲೆ ಹಗುರವಾಗಿ ತಿರುವಿರಿ. ಕೆಲವು ಉಂಡೆ ಉಳಿದು, ಕೆಲವು ಕರಗಿ ಸಾರು ಮಂದವಾದರೆ ಹದ ಬಂತೆಂದು ತಿಳಿಯಿರಿ.

ಗಡ್ಡೆ ಎಲ್ಲಿ ಸಿಗುತ್ತದೆ?

ಹೆಗ್ಗೆಣಸು ನಮ್ಮ ಸಂತೆಗಳಲ್ಲಿ ಅಪರೂಪ. ಉತ್ತರ ಕನ್ನಡದ ಜೋಯಿಡಾದಲ್ಲಿ ಕುಣಬಿ ಸಮುದಾಯದವರು ಗಡ್ಡೆಗೆಣಸುಗಳ ಹಲವು ಬಗೆಗಳನ್ನು ಉಳಿಸಿಕೊಂಡು ಬಂದಿದ್ದಾರೆ, ಅಲ್ಲಿ ಗಡ್ಡೆಗೆಣಸಿನ ಮೇಳವೂ ನಡೆಯುತ್ತದೆ. ಬೀಜದ ಗಡ್ಡೆ ತರಿಸಿ, 250 ಗ್ರಾಂ ತುಂಡುಗಳನ್ನು ಮುಂಗಾರಿಗೆ ನೆಟ್ಟು, ಬಳ್ಳಿಗೆ ಆಸರೆ ಕೊಟ್ಟರೆ 8-9 ತಿಂಗಳಿಗೆ ಕೀಳಬಹುದು. ಸುವರ್ಣಗಡ್ಡೆ ಬೆಳೆಯುವವರು 'ಗಜೇಂದ್ರ' ತಳಿಯನ್ನು ಕೇಳಿ ಪಡೆಯಿರಿ, ಅದರಲ್ಲಿ ತುರಿಕೆ ಕಡಿಮೆ. ಎರಡಕ್ಕೂ ಮಸಾರಿ ಮಣ್ಣು ಉತ್ತಮ. ಕಾಲುವೆ ಕೆಳಗಿನ ಎರೆ ಹೊಲದಲ್ಲಿ ನೀರು ನಿಂತರೆ ಗಡ್ಡೆ ಕೊಳೆಯುತ್ತದೆ, ಅಲ್ಲಿ ಎತ್ತರದ ದಿಬ್ಬ ಮಾಡಿ ನೆಡಬೇಕು. ಗುಡ್ಡ, ಹಳ್ಳದ ಬದಿಯಲ್ಲಿ ತಾನಾಗಿ ಬೆಳೆದ ಕಾಡುಗೆಣಸನ್ನು ಮಾತ್ರ ಅಗೆದು ತರಬೇಡಿರಿ. ಅವುಗಳಲ್ಲಿ ಕೆಲವು ವಿಷದವು, ಒಮ್ಮೆ ಬೇಯಿಸಿದ ಮಾತ್ರಕ್ಕೆ ಆ ವಿಷ ಹೋಗುವುದಿಲ್ಲ.