ಸವೆಯದ ವಸ್ತುವಿಗೂ ಪಾಲನೆ ಬೇಕೆ?

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಮಾನ್ವಿ ಸೀಮೆಯ ಭತ್ತದ ಗದ್ದೆಗಳಿಗೆ ಹರಿದು ಬರುವುದನ್ನು ಕಂಡವರಿಗೆ ಒಂದು ಸಂಗತಿಯನ್ನು ಹೇಳಿಕೊಡಬೇಕಾಗಿಲ್ಲ. ಕಾಲುವೆಯನ್ನು ಒಮ್ಮೆ ತೋಡಿದರೆ ಸಾಲದು. ಹೂಳೆತ್ತುತ್ತಲೂ ಬಿರುಕು ಮುಚ್ಚುತ್ತಲೂ ಇರಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು, ಸರಪಣಿ ತುಂಡಾಗಿ, ಕೊಚ್ಚಿಹೋದುದು ನಮ್ಮ ನೆನಪಿನಲ್ಲಿ ಉಂಟು. ಕಬ್ಬಿಣ ತುಕ್ಕು ಹಿಡಿಯುವುದು, ಕಲ್ಲು ಸವೆಯುವುದು. ಆದುದರಿಂದ ಅವಕ್ಕೆ ಪಾಲನೆ ಬೇಕು. ಆದರೆ ಸವೆಯದ ವಸ್ತುವಿಗೆ?

ನೀರಮಾನ್ವಿಯಲ್ಲಿ ಒಂದು ಸಣ್ಣ ಅಕ್ಕಿ ಗಿರಣಿ ಇದೆಯೆಂದು ಭಾವಿಸೋಣ. ಅದರ ಒಡೆಯನು ಒಂದು ಜಾಲತಾಣವನ್ನು ಮಾಡಿಸಿ, ದೂರದ ಊರುಗಳ ವರ್ತಕರಿಂದ ಬೇಡಿಕೆಯನ್ನೂ ಮುಂಗಡ ಹಣವನ್ನೂ ಅದರ ಮೂಲಕವೇ ಪಡೆಯುತ್ತಿರುವನು. ಎರಡು ವರ್ಷ ಅದನ್ನು ಯಾರೂ ಮುಟ್ಟಲಿಲ್ಲ. ಬರೆದ ಒಂದಕ್ಷರವೂ ಅಳಿಸಿಲ್ಲ. ಆದರೂ ಒಂದು ಬೆಳಗ್ಗೆ ತಾಣವು ತೆರೆಯದು! ಇದಕ್ಕೆ ಕಾರಣವೇನು? ತಾಣವು ಬದಲಾಗಲಿಲ್ಲ, ನಿಜ; ಅದರ ಸುತ್ತಲಿನ ಜಗತ್ತು ಬದಲಾಯಿತು. ಈ ಬದಲಾವಣೆಗಳನ್ನು ಒಂದೊಂದಾಗಿ ವಿವೇಚಿಸೋಣ.

ಮೊದಲನೆಯದು ಹೆಸರು. ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳ ವಿಳಾಸದಿಂದ. ನಾವು ಬರೆಯುವ ಹೆಸರನ್ನು ಆ ಅಂಕಿಗಳಿಗೆ ಹೊಂದಿಸುವ ವ್ಯವಸ್ಥೆಯು 1983ರಲ್ಲಿ ರೂಪುಗೊಂಡಿತು. ಈ ಹೆಸರು ಸ್ವಂತದ ಆಸ್ತಿಯಲ್ಲ, ಗೇಣಿಯ ಹೊಲವಿದ್ದಂತೆ. ಅವಧಿ ತೀರಿದ ಮೇಲೆ ಹಣ ಕಟ್ಟದಿದ್ದರೆ ಅದನ್ನು ಬೇರೊಬ್ಬರು ಪಡೆಯಬಹುದು. ಆಗ ಗಿರಣಿಯ ಹೆಸರಿನಲ್ಲಿಯೇ ವಂಚಕನೊಬ್ಬನು ಮುಂಗಡ ಹಣವನ್ನು ವಸೂಲು ಮಾಡುವ ಸಂಭವವೂ ಉಂಟು. ದೊಡ್ಡವರೂ ಮರೆಯುತ್ತಾರೆ: 1999ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಇಂತಹ ಒಂದು ಹೆಸರಿನ ಶುಲ್ಕವನ್ನು ಕಟ್ಟಲು ಮರೆತು, ಹಾಟ್‌ಮೇಲ್ ಸೇವೆಗೆ ತೊಂದರೆಯಾಯಿತು. ಹೊರಗಿನ ಒಬ್ಬ ಪ್ರೋಗ್ರಾಮರನು 35 ಡಾಲರು ಕಟ್ಟಿ ಅದನ್ನು ಉಳಿಸಿದನು.

ಎರಡನೆಯದು ಪ್ರಮಾಣಪತ್ರ. ಗ್ರಾಹಕನು ತಲುಪಿರುವುದು ನಿಜವಾದ ತಾಣವನ್ನೇ ಎಂದು ಬ್ರೌಸರು ಒಂದು ಡಿಜಿಟಲ್ ಮುದ್ರೆಯಿಂದ ಪರೀಕ್ಷಿಸುವುದು. ಇದಕ್ಕೂ ಅವಧಿಯುಂಟು. 2020ರಲ್ಲಿ ಅದರ ಗರಿಷ್ಠ ಆಯುಸ್ಸು 398 ದಿನವೆಂದು ನಿಗದಿಯಾಯಿತು. ಇದನ್ನು 2026ರ ಮಾರ್ಚ್ 15ರಿಂದ 200 ದಿನಕ್ಕೂ, 2029ರ ಮಾರ್ಚ್ 15ರಿಂದ 47 ದಿನಕ್ಕೂ ಇಳಿಸಬೇಕೆಂದು 2025ರಲ್ಲಿ ನಿರ್ಣಯವಾಯಿತು. ಅವಧಿ ಮೀರಿದರೆ ಬ್ರೌಸರು ಗ್ರಾಹಕನನ್ನು ಎಚ್ಚರಿಸಿ ಹಿಂದೆ ಸರಿಸುವುದು.

ಮೂರನೆಯದು ತಂತ್ರಾಂಶದ ದೋಷ. ದೋಷವು ಮೊದಲಿನಿಂದಲೂ ಇದ್ದಿರಬಹುದು. ಆದರೆ ಅದು ಬೆಳಕಿಗೆ ಬಂದ ದಿನದಿಂದ ಕಳ್ಳನಿಗೂ ದಾರಿ ತಿಳಿಯಿತು. 2017ರ ಮಾರ್ಚಿಯಲ್ಲಿ ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದ ದೋಷವೂ ಅದರ ಪರಿಹಾರವೂ ಪ್ರಕಟವಾದವು. ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಯ ಒಂದು ತಾಣದಲ್ಲಿ ಆ ತೇಪೆಯನ್ನು ಹಾಕಲಿಲ್ಲ. ಮೇ ತಿಂಗಳಿನಿಂದ ಅದೇ ದಾರಿಯಲ್ಲಿ ಸುಮಾರು 14.7 ಕೋಟಿ ಜನರ ವಿವರಗಳು ಕಳುವಾದವು.

ನಾಲ್ಕನೆಯದು ವ್ಯಾಪಾರದ ಬದಲಾವಣೆ. ಅಕ್ಕಿಯ ದರ ಬದಲಾಗಿ, ದೂರವಾಣಿ ಸಂಖ್ಯೆ ಬದಲಾಗಿ, ತಾಣದಲ್ಲಿ ಮಾತ್ರ ಹಳೆಯದೇ ಉಳಿದರೆ ಅದು ಸುಳ್ಳು ಹೇಳುವ ನಾಮಫಲಕವೇ ಸರಿ.

ಹಾಗಾದರೆ ಪಾಲನೆ ಎಂದರೇನು? ಹೆಸರಿನ ಮತ್ತು ಪ್ರಮಾಣಪತ್ರದ ಗಡುವುಗಳನ್ನು ಪಟ್ಟಿ ಮಾಡಿಟ್ಟುಕೊಳ್ಳುವುದು. ತೇಪೆಗಳನ್ನು ಬಂದಕೂಡಲೆ ಹಾಕುವುದು. ತಿಂಗಳಿಗೊಮ್ಮೆ ಬರೆಹವನ್ನು ತಿದ್ದುವುದು. ತಾಣದ ಪ್ರತಿಯೊಂದನ್ನು ಬೇರೆಡೆ ಇಟ್ಟು, ಅದರಿಂದ ತಾಣವನ್ನು ಮರಳಿ ಕಟ್ಟಲಾಗುವುದೇ ಎಂದು ಆಗಾಗ ಪರೀಕ್ಷಿಸುವುದು. ಪರೀಕ್ಷಿಸದ ಪ್ರತಿಯು ಮೊಳಕೆ ನೋಡದೆ ಬಿತ್ತಿದ ಬೀಜದಂತೆ. ಇವೆಲ್ಲಕ್ಕಿಂತ ಮುಖ್ಯವಾದುದು, ಹೆಸರಿನ ನೋಂದಣಿಯೂ ಗುಪ್ತಪದಗಳೂ ಒಡೆಯನ ವಶದಲ್ಲಿಯೇ ಇರುವುದು. ಕೆಲಸವನ್ನು ಕೂಲಿಗೆ ಕೊಡಬಹುದು, ಮನೆಯ ಕೀಲಿಯನ್ನಲ್ಲ.

ಈ ಕೆಲಸಕ್ಕೆ ದೊಡ್ಡ ಯಂತ್ರವಾಗಲಿ ದೊಡ್ಡ ಪಟ್ಟಣವಾಗಲಿ ಬೇಕಿಲ್ಲ. ಕ್ರಮವೂ ಜವಾಬ್ದಾರಿಯೂ ಬೇಕು. ನಮ್ಮ ತರುಣ ವಿದ್ಯಾರ್ಥಿಗಳು ಇದನ್ನು ಕಲಿತು ತಮ್ಮೂರಿನ ಅಂಗಡಿ, ಗಿರಣಿಗಳಿಗೆ ನೆರವಾಗಬಲ್ಲರು. ಕಾಲುವೆಯನ್ನು ತೋಡಿದವನ ಹೆಸರನ್ನು ಕಲ್ಲಿನಲ್ಲಿ ಕೆತ್ತುವರು. ಆದರೆ ಬೆಳೆಯನ್ನು ಉಳಿಸುವವನು ಹೂಳೆತ್ತುವವನು.