ಇಟಲಿಯ ಅಡ್ಡಹೆಸರು: ಮೊದಲು ಊರು ಹಿಡಿಯಿರಿ, ಅರ್ಥ ಆಮೇಲೆ

ಇಟಲಿಯ ಅಡ್ಡಹೆಸರಿನ ಮೂಲ ಹುಡುಕುವವರು ಸಾಮಾನ್ಯವಾಗಿ ಮೊದಲು ತೆರೆಯುವುದು ನಿಘಂಟನ್ನು. ಅರ್ಥವೇನೋ ಸಿಗುತ್ತದೆ. ರೊಸ್ಸಿ ಎಂದರೆ ಕೆಂಗೂದಲಿನವನು, ಫೆರಾರಿ ಎಂದರೆ ಕಮ್ಮಾರ. 1623ರಲ್ಲಿ ಇಕ್ಕೇರಿಗೆ ಬಂದಿದ್ದ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯ ಮನೆತನ ಕಣಿವೆಯದು. ಆದರೆ ನಮ್ಮ ಉತ್ತರ ಕರ್ನಾಟಕದ ಕಮ್ಮಾರ, ಬಡಿಗೇರರೆಲ್ಲ ಒಂದೇ ಮನೆಯವರಲ್ಲವಲ್ಲ, ಫೆರಾರಿಗಳೂ ಹಾಗೆಯೇ. ಊರು ಗೊತ್ತಾಗದೆ ಅರ್ಥದಿಂದ ಪ್ರಯೋಜನ ಕಡಿಮೆ.

ಊರಿನ ಸುಳಿವು ಹೆಸರಿನ ಬಾಲದಲ್ಲೇ ಇರುತ್ತದೆ. ಕಮ್ಮಾರನನ್ನೇ ನೋಡಿ: ಲೊಂಬಾರ್ದಿ, ಎಮಿಲಿಯಾ ಕಡೆ ಫೆರಾರಿ, ಪಿಯೆಮಾಂಟೆಯಲ್ಲಿ ಫೆರೆರೊ, ದಕ್ಷಿಣದಲ್ಲಿ ಫೆರಾರೊ. ಬೆನೆಟ್ಟನ್, ಟ್ರೆವಿಸಾನ್‌ಗಳಂತೆ 'ನ್'ನಲ್ಲಿ ನಿಂತರೆ ಬಹುಮಟ್ಟಿಗೆ ವೆನೆತೊ. ಪಿರಾಸ್, ಮೆಲಿಸ್ ಸಾರ್ಡೀನಿಯಾದವು. ಹೆಸರು ಯಾವ ಊರಲ್ಲಿ ಎಷ್ಟಿದೆ ಎಂದು ತೋರಿಸುವ ನಕಾಶೆಗಳು ಅಂತರ್ಜಾಲದಲ್ಲಿ ಉಚಿತವಾಗಿವೆ. ಅದರಲ್ಲಿ ಮಿಲಾನ್, ಟ್ಯೂರಿನ್ ಎದ್ದು ಕಂಡರೆ ನಂಬಬೇಡಿ. ಕಳೆದ ಶತಮಾನದಲ್ಲಿ ದಕ್ಷಿಣದವರು ಅಲ್ಲಿಗೆ ದುಡಿಯಲು ಹೋದರು. ಹೆಸರು ದಟ್ಟವಾಗಿರುವ ಸಣ್ಣ ಊರುಗಳನ್ನು ಗುರುತು ಹಾಕಿಕೊಳ್ಳಿ.

ಕುಟುಂಬ ಅಮೆರಿಕಕ್ಕೆ ವಲಸೆ ಹೋಗಿದ್ದರೆ ಹಡಗಿನ ಪ್ರಯಾಣಿಕರ ಪಟ್ಟಿ ನೋಡಿ. ಎಲ್ಲಿಸ್ ದ್ವೀಪದ ಗುಮಾಸ್ತರು ಹೆಸರು ಕೆಡಿಸಿದರು ಎಂಬ ಕಥೆಗೆ ಬೆಲೆ ಕೊಡಬೇಡಿ. ಪಟ್ಟಿ ಹೊರಟ ಬಂದರಿನಲ್ಲೇ ಸಿದ್ಧವಾಗುತ್ತಿತ್ತು. ಹೆಸರು ಬದಲಾದದ್ದು ಹೆಚ್ಚಾಗಿ ಆಮೇಲೆ, ಅವರವರ ಇಷ್ಟದಿಂದಲೇ.

ಊರು ಸಿಕ್ಕ ಮೇಲೆ ಸರ್ಕಾರಿ ಪತ್ರಾಗಾರಗಳ 'ಅಂತೆನಾತಿ' ಜಾಲತಾಣ. ಜನನ, ಮದುವೆ, ಮರಣದ ದಾಖಲೆಗಳ ಚಿತ್ರಗಳನ್ನು ದುಡ್ಡಿಲ್ಲದೆ ನೋಡಬಹುದು. ನೇಪಲ್ಸ್ ಸೀಮೆಯಲ್ಲಿ 1809ರಿಂದ, ಸಿಸಿಲಿಯಲ್ಲಿ 1820ರಿಂದ, ಉಳಿದ ಬಹುಪಾಲು ಕಡೆ 1866ರಿಂದ ನಾಗರಿಕ ನೋಂದಣಿ ಸತತವಾಗಿದೆ. ಅದಕ್ಕಿಂತ ಹಿಂದಕ್ಕೆ ಚರ್ಚಿನ ಪುಸ್ತಕಗಳೇ ಗತಿ. 1563ರಲ್ಲಿ ಮುಗಿದ ಟ್ರೆಂಟ್ ಧರ್ಮಸಭೆ ಅವನ್ನು ಕಡ್ಡಾಯ ಮಾಡಿತು. ಒಂದು ಅನುಕೂಲವೆಂದರೆ, ಇಟಲಿಯ ದಾಖಲೆಗಳಲ್ಲಿ ಹೆಂಗಸರಿಗೆ ಮದುವೆಯ ನಂತರವೂ ತವರಿನ ಹೆಸರೇ. ಹಾಗಾಗಿ ಅಜ್ಜಿಯ ಕಡೆಯ ದಾರಿಯೂ ಮುಚ್ಚುವುದಿಲ್ಲ.

ಈಗ ಅರ್ಥಕ್ಕೆ ಬನ್ನಿ. ಎಮಿದಿಯೊ ದೆ ಫೆಲಿಚೆಯ ನಿಘಂಟು ಹಳೆಯದಾದರೂ ಒಳ್ಳೆಯದು. ಕಫರೆಲ್ಲಿ–ಮಾರ್ಕಾತೊ ಅವರ 2008ರದು ದೊಡ್ಡದು. ನಿಮ್ಮ ದಾಖಲೆಯಲ್ಲಿ ಸಿಕ್ಕ ಅತ್ಯಂತ ಹಳೆಯ ಕಾಗುಣಿತದಿಂದಲೇ ಹುಡುಕಿ. ದಕ್ಷಿಣದ ಹೆಸರಾದರೆ ಲ್ಯಾಟಿನ್‌ಗೇ ಅಂಟಿಕೊಳ್ಳಬೇಡಿ: ಕಲಾಬ್ರಿಯಾದ ಲಗನಾ ಗ್ರೀಕಿನದು, ತರಕಾರಿ ಮಾರುವವನು, ಮೊರಾಬಿತೊ ಅರಬ್ಬಿಯಿಂದ ಬಂದದ್ದು, ವಿರಕ್ತ ಸಾಧು.

ಎಸ್ಪೊಸಿತೊ ಎದುರಾದರೆ ಹುಡುಕಾಟ ಬೇರೆಯೇ. ನೇಪಲ್ಸ್‌ನ ಅನ್ನುನ್ಸಿಯಾತಾ ಅನಾಥಾಲಯದ ಗೋಡೆಯಲ್ಲಿ ತಿರುಗುವ ಪೆಟ್ಟಿಗೆಯೊಂದಿತ್ತು. ಸಾಕಲಾಗದ ಕೂಸನ್ನು ಅದರಲ್ಲಿಟ್ಟು ಹೋಗುತ್ತಿದ್ದರು. ಅಂಥ ಮಕ್ಕಳಿಗೆ ಇಡುತ್ತಿದ್ದ ಹೆಸರು ಎಸ್ಪೊಸಿತೊ. ಫ್ಲಾರೆನ್ಸಿನಲ್ಲಿ ಇನ್ನೊಚೆಂತಿ, ಮಿಲಾನಿನಲ್ಲಿ ಕೊಲೊಂಬೊ ಇದೇ ಬಗೆಯವು. ಇಲ್ಲಿ ನೋಡಬೇಕಾದದ್ದು ಅನಾಥಾಲಯದ ವಹಿ. ಮಗು ಸಿಕ್ಕ ಹೊತ್ತು, ಮೈಮೇಲಿದ್ದ ಬಟ್ಟೆ, ಜೊತೆಗಿಟ್ಟ ಗುರುತು ಎಲ್ಲ ಬರೆದಿರುತ್ತಾರೆ, ತಂದೆತಾಯಿಯ ಹೆಸರೊಂದನ್ನು ಬಿಟ್ಟು. ಕೊಲೊಂಬೊ ಇದ್ದವರೆಲ್ಲ ಅನಾಥರ ವಂಶವಲ್ಲ, ಅದು ವ್ಯಕ್ತಿಯ ಹೆಸರೂ ಹೌದು. ವಹಿಯಿಲ್ಲದೆ ತೀರ್ಮಾನ ಬೇಡ.

'ನಿಮ್ಮ ಅಡ್ಡಹೆಸರಿನ ರಾಜಲಾಂಛನ' ಎಂದು ಚೌಕಟ್ಟು ಹಾಕಿ ಮಾರುವವರಿದ್ದಾರೆ. ಲಾಂಛನ ಇದ್ದದ್ದು ಕೆಲವು ಮನೆತನಗಳಿಗೆ, ಅಡ್ಡಹೆಸರಿಗಲ್ಲ. ಆ ದುಡ್ಡಿನಲ್ಲಿ ಊರಿನ ಪುರಸಭೆಗೆ ಬರೆದು ಜನನ ದಾಖಲೆಯ ಪ್ರತಿ ತರಿಸಿಕೊಳ್ಳಿ.