ಗಾಡಿಗೆ ಹೆಚ್ಚಿನ ದೀಪ: ಹಾಕುವ ಮುನ್ನ ಆಂಪಿಯರ್ ಲೆಕ್ಕ

ಮುಂಗಾರು ಹತ್ತಿರವಾದಂತೆ ನಮ್ಮ ಕಡೆಯ ಜೀಪು, ಪಿಕಪ್, ಲಾರಿಗಳ ಮುಂಭಾಗದಲ್ಲಿ ಹೊಸ ದೀಪಗಳು ಕಾಣಿಸಿಕೊಳ್ಳುವುದು ವಾಡಿಕೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವವರಿಗೆ, ಆಗುಂಬೆಯ ತಿರುವುಗಳಲ್ಲಿ ಓಡಾಡುವವರಿಗೆ ಮಂಜಿನ ಕಾಟವನ್ನು ಹೊಸದಾಗಿ ವರ್ಣಿಸಬೇಕಾಗಿಲ್ಲ. ಆದ್ದರಿಂದ ದೀಪ ಬೇಡವೆಂದು ನಾವು ಹೇಳುವುದಿಲ್ಲ. ಕೊಳ್ಳುವ ಮುನ್ನ ಕಾಗದ, ಪೆನ್ಸಿಲು ಹಿಡಿದು ಹತ್ತು ನಿಮಿಷ ಕೂರಬೇಕು ಎಂಬುದಷ್ಟೇ ಸದಸ್ಯ ಬಾಂಧವರಲ್ಲಿ ನಮ್ಮ ಅರಿಕೆ. ಈ ಪಾಠವನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ.

ಕಳೆದ ಮಳೆಗಾಲದಲ್ಲಿ ಸಂಘದ ಹಳೆಯ ಡೀಸೆಲ್ ಪಿಕಪ್ ಮಂಗಳೂರಿನಲ್ಲಿ ಅಡಿಕೆ ಇಳಿಸಿ, ಗೊಬ್ಬರ ಹೇರಿಕೊಂಡು ರಾತ್ರಿ ಚಾರ್ಮಾಡಿ ಹತ್ತುತ್ತಿತ್ತು. ದಾರಿಗೆ ಮರ ಬಿದ್ದು ಸುಮಾರು ಎರಡು ಗಂಟೆ ನಿಲ್ಲಬೇಕಾಯಿತು. ಎಂಜಿನ್ ನಿಧಾನಕ್ಕೆ ಓಡುತ್ತಿತ್ತು. ಹೆಡ್‌ಲೈಟು, ಹೊಸದಾಗಿ ಹಾಕಿಸಿದ್ದ ಎರಡು ಮಂಜುದೀಪ, ವೈಪರ್, ಫ್ಯಾನು ಎಲ್ಲವೂ ಚಾಲೂ ಇದ್ದವು. ದಾರಿ ತೆರವಾಗಿ ನಾಲ್ಕು ತಿರುವು ಹತ್ತುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಮುಂದಿನ ದೀಪಗಳು ನಾಲ್ಕೂ ಒಟ್ಟಿಗೆ ಆರಿಹೋದವು. ಒಂದು ಕಡೆ ಪ್ರಪಾತ, ಕಣ್ಣಿಗೆ ಏನೂ ಕಾಣದ ಕತ್ತಲೆ. ಸಹಾಯಕ ಹುಡುಗ ಟಾರ್ಚು ಹಿಡಿದು ಮುಂದೆ ನಡೆದ. ಚಾಲಕರು ಅವನ ಹಿಂದೆ ಮಾರುಮಾರಾಗಿ ಗಾಡಿ ತಂದು ಗುಡ್ಡದ ಬದಿಗೆ ನಿಲ್ಲಿಸಿದರು. ಬೆಳಗ್ಗೆ ಎಂಜಿನ್ ತಿರುಗಿಸಲು ಬ್ಯಾಟರಿಯಲ್ಲಿ ಕಸುವಿರಲಿಲ್ಲ.

ಬಿಚ್ಚಿ ನೋಡಿದಾಗ ತಪ್ಪು ತಿಳಿಯಿತು. ಹೊಸ ದೀಪಗಳ ತಂತಿಯನ್ನು ಹೆಡ್‌ಲೈಟಿನ ತಂತಿಗೇ ಸುತ್ತಿ ಜೋಡಿಸಲಾಗಿತ್ತು. ಫ್ಯೂಸು ಪದೇ ಪದೇ ಹೋಗುತ್ತಿತ್ತೆಂದು ಅದರ ಜಾಗದಲ್ಲಿ ದಪ್ಪ ತಾಮ್ರದ ಎಳೆ ಕಟ್ಟಲಾಗಿತ್ತು. ಆ ಕೆಲಸದ ಬಿಲ್ಲಿಗೆ, ಏನು ಮಾಡಿದ್ದಾರೆಂದು ಕೇಳದೆ, ರುಜು ಹಾಕಿದವರು ನಾವೇ.

ಆದಾಯ ಮತ್ತು ಖರ್ಚು

ಗಾಡಿಯ ವಿದ್ಯುತ್ತು ಸಂಘದ ಜಮಾಖರ್ಚಿನಂತೆಯೇ. ಆಲ್ಟರ್ನೇಟರ್ ತರುವುದು ಆದಾಯ, ಬ್ಯಾಟರಿಯಲ್ಲಿರುವುದು ಠೇವಣಿ, ದೀಪ, ಫ್ಯಾನುಗಳದ್ದು ಖರ್ಚು. ದೀಪದ ಮೇಲಿನ ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ನಮ್ಮ 12 ವೋಲ್ಟಿನ ಗಾಡಿಯ ಮಳೆಗಾಲದ ರಾತ್ರಿಯ ಖರ್ಚು ಸುಮಾರಾಗಿ ಹೀಗೆ:

ಹೆಡ್‌ಲೈಟು (ಡಿಮ್), 55 ವ್ಯಾಟಿನವು ಎರಡು: 9 ಆಂಪಿಯರ್
ಪಾರ್ಕಿಂಗ್, ಹಿಂದಿನ ದೀಪ, ನಂಬರ್ ದೀಪ, ಮೀಟರ್ ದೀಪ: 2.5
ವೈಪರ್: 4
ಗಾಜಿನ ಆವಿ ತೆಗೆಯುವ ಫ್ಯಾನು: 6
ಎಂಜಿನ್ನಿನ ಸ್ವಂತ ಬಳಕೆ: 1
ಬ್ರೇಕ್ ದೀಪ, 21 ವ್ಯಾಟಿನವು ಎರಡು: 3.5

ಒಟ್ಟು 26 ಆಂಪಿಯರ್. ಇದಕ್ಕೆ 55 ವ್ಯಾಟಿನ ಎರಡು ಮಂಜುದೀಪ ಸೇರಿದರೆ ಇನ್ನು 9, ಮೊತ್ತ 35. ನಮ್ಮ ಆಲ್ಟರ್ನೇಟರಿನ ಮೇಲೆ ಬರೆದಿರುವುದೂ 35 ಆಂಪಿಯರೇ. ಎಂದರೆ ಗಾಡಿ ಜೋರಾಗಿ ಓಡುವಾಗ ಆದಾಯ ಖರ್ಚಿಗೆ ಸರಿಹೋಗುತ್ತದೆ, ಠೇವಣಿಗೆ ಕಾಸೂ ಉಳಿಯುವುದಿಲ್ಲ. ಆದರೆ ಆ ಅಂಕಿ ಎಂಜಿನ್ ವೇಗವಾಗಿ ತಿರುಗುವಾಗಿನದು. ನಿಂತಲ್ಲೇ ಓಡುವ ಎಂಜಿನ್ನಿನಲ್ಲಿ ಅದರ ಅರ್ಧ ಬಂದರೆ ಹೆಚ್ಚು. ಬ್ರೇಕ್ ಒತ್ತಿಕೊಂಡೇ ನಿಂತರೆ ಉಳಿದ 18 ಆಂಪಿಯರ್ ಬ್ಯಾಟರಿಯಿಂದ ಹೋಗಬೇಕು. 60 ಆಂಪಿಯರ್-ಗಂಟೆಯ ಹೊಸ ಬ್ಯಾಟರಿಯೇ ಆದರೂ ಒಂದು ಗಂಟೆ ನಲವತ್ತು ನಿಮಿಷದಲ್ಲಿ ಅರ್ಧ ಬರಿದಾಗುತ್ತದೆ. ನಮ್ಮದು ಮೂರು ಮಳೆಗಾಲ ಕಂಡ ಬ್ಯಾಟರಿ.

ಈಗ ಸಿಗುವ ಎಲ್‌ಇಡಿ ಮಂಜುದೀಪದ ಜೋಡಿ 20 ವ್ಯಾಟಿನದಾದರೆ 2 ಆಂಪಿಯರಿಗಿಂತ ಕಡಿಮೆ ಸಾಕು. ಹಳೆಯ ಆಲ್ಟರ್ನೇಟರ್ ಇರುವವರಿಗೆ ಇದೇ ಲೇಸು.

ಜೋಡಿಸುವ ಕ್ರಮ

ಮೊದಲನೆಯ ನಿಯಮ: ಹೊಸ ದೀಪಕ್ಕೆ ಹೊಸ ದಾರಿ. ಹೆಡ್‌ಲೈಟಿನ ತಂತಿ ಮತ್ತು ಸ್ವಿಚ್ಚು 9 ಆಂಪಿಯರಿನ ಲೆಕ್ಕದಲ್ಲಿ ಮಾಡಿದವು. ಅವುಗಳಲ್ಲಿ 18 ಹರಿಸಿದ್ದರಿಂದಲೇ ನಮ್ಮ ಗಾಡಿಯಲ್ಲಿ ಸ್ವಿಚ್ಚು ಕರಗಿತು. ದಾರಿ ಬೇರೆಯಾಗಿದ್ದರೆ ಹೆಡ್‌ಲೈಟು ಹೋದರೂ ಮಂಜುದೀಪ ಉಳಿಯುತ್ತಿತ್ತು.

ಬ್ಯಾಟರಿಯ ಪ್ಲಸ್‌ನಿಂದ ಹೊರಟ ತಂತಿ ಒಂದು ಗೇಣಿನೊಳಗೆ ಫ್ಯೂಸನ್ನು ಹಾದು ರಿಲೇಗೆ ಹೋಗಬೇಕು. 9 ಆಂಪಿಯರಿನ ಜೋಡಿಗೆ 15 ಆಂಪಿಯರ್ ಫ್ಯೂಸು, 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಸರಿಯಾದದ್ದು. ರಿಲೇಯ ಕಾಲುಗಳ ಮೇಲೆ ಅಂಕಿಗಳಿರುತ್ತವೆ: 30ಕ್ಕೆ ಫ್ಯೂಸಿನಿಂದ ಬಂದ ತಂತಿ, 87ರಿಂದ ದೀಪಕ್ಕೆ, 85 ಚಾಸಿಗೆ, 86 ಚಾಲಕರ ಸ್ವಿಚ್ಚಿಗೆ. ಆ ಸ್ವಿಚ್ಚಿಗೆ ಪಾರ್ಕಿಂಗ್ ದೀಪದ ದಾರಿಯಿಂದ ವಿದ್ಯುತ್ತು ಕೊಟ್ಟರೆ, ಪಾರ್ಕಿಂಗ್ ದೀಪ ಆರಿಸಿದಾಗ ಮಂಜುದೀಪವೂ ಆರುತ್ತದೆ. ಮರೆತು ಬಿಡುವ ಭಯವಿಲ್ಲ.

ತಂತಿಯಲ್ಲಿ ಉಳಿತಾಯ ಬೇಡ. 0.75 ಚದರ ಮಿಲಿಮೀಟರಿನ ನಾಲ್ಕು ಮೀಟರ್ ತಂತಿ 9 ಆಂಪಿಯರಿನಲ್ಲಿ ಸುಮಾರು 0.8 ವೋಲ್ಟನ್ನು ತಾನೇ ತಿನ್ನುತ್ತದೆ, 2.5ರದ್ದು ಕಾಲು ವೋಲ್ಟು ಮಾತ್ರ. ಎಳೆಯ ಬಲ್ಬಿಗೆ ವೋಲ್ಟು ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ದೀಪ ಮಂಕೆಂದು ದೊಡ್ಡ ಬಲ್ಬು ತರುವವರು ಮೊದಲು ತಂತಿ ನೋಡಬೇಕು. ಚಾಸಿಗೆ ಸೇರುವ ಜಾಗದಲ್ಲಿ ಬಣ್ಣ ಕೆರೆದು ಬೋಲ್ಟು ಬಿಗಿದು ಗ್ರೀಸು ಸವರಿ. ತಗಡಿನ ತೂತಿನಲ್ಲಿ ತಂತಿ ಹಾಯುವಲ್ಲಿ ರಬ್ಬರ್ ಬಳೆ ಇರಲಿ. ಹೊಗೆ ಕೊಳವೆಯಿಂದ ದೂರವಿರಲಿ.

ಫ್ಯೂಸಿನ ಜಾಗದಲ್ಲಿ ತಂತಿ ಕಟ್ಟುವುದು ಗೋಣಿಚೀಲದ ಗಾಡಿಗೆ ಬೆಂಕಿ ಕರೆದಂತೆ. ಫ್ಯೂಸು ಮತ್ತೆ ಮತ್ತೆ ಹೋಗುತ್ತಿದ್ದರೆ ಕಾರಣವನ್ನು ಹುಡುಕಬೇಕು.

ಲಾರಿ ಇರುವವರಿಗೆ

ದೊಡ್ಡ ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ವೋಲ್ಟು ಪಡೆದಿರುತ್ತಾರೆ. ಜೀಪಿನ ದೀಪ ಮನೆಯಲ್ಲಿದೆಯೆಂದು ಅದನ್ನು ಒಂದೇ ಬ್ಯಾಟರಿಯಿಂದ ಉರಿಸುವ ಅಭ್ಯಾಸ ಕೆಲವರಲ್ಲಿದೆ. ಇದರಿಂದ ಒಂದು ಬ್ಯಾಟರಿ ಸದಾ ಹಸಿದಿರುತ್ತದೆ, ಇನ್ನೊಂದು ಅತಿಯಾಗಿ ಚಾರ್ಜಾಗಿ ನೀರು ಕುದಿಸಿಕೊಳ್ಳುತ್ತದೆ. ಎರಡೂ ಬೇಗ ಕೆಡುತ್ತವೆ. 24 ವೋಲ್ಟಿನ ದೀಪವನ್ನೇ ಕೊಳ್ಳಿರಿ. 70 ವ್ಯಾಟಿನ ಜೋಡಿಗೆ ಅಲ್ಲಿ 6 ಆಂಪಿಯರ್ ಮಾತ್ರ.

ಹೊಸ ಮಾದರಿಯ ಗಾಡಿಗಳಲ್ಲಿ ಬಲ್ಬುಗಳ ಮೇಲೆ ಕಂಪ್ಯೂಟರಿನ ಕಣ್ಣಿರುತ್ತದೆ. ತಂತಿ ಕತ್ತರಿಸದೆ, ಆಯಾ ಗಾಡಿಗೆಂದೇ ಬರುವ ಜೋಡಣೆಯನ್ನು ಹಾಕಿಸುವುದು ಉಚಿತ.

ಎದುರಿನವರ ಕಣ್ಣು

ಮಂಜಿನಲ್ಲಿ ಎತ್ತರದ ದೀಪ ಬಿಳಿಗೋಡೆಯನ್ನು ಎಬ್ಬಿಸುತ್ತದೆಯೇ ಹೊರತು ದಾರಿ ತೋರಿಸುವುದಿಲ್ಲ. ಮಂಜುದೀಪ ಬಂಪರಿನ ಮಟ್ಟದಲ್ಲಿ, ನೆಲ ನೋಡುವಂತೆ ಇರಬೇಕು. ಅದರೊಡನೆ ಹೆಡ್‌ಲೈಟು ಡಿಮ್ಮಿನಲ್ಲಿರಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಮುಂದಿನ ದೀಪ ಎದುರಿನವರ ಕಣ್ಣು ಕೋರೈಸದಂತೆ ಕೆಳಮುಖವಾಗಿರಬೇಕೆಂದು ವಿಧಿಸಿವೆ. ಛಾವಣಿಯ ಮೇಲಿನ ಉದ್ದನೆಯ ದೀಪಪಟ್ಟಿ ಘಾಟಿಯಲ್ಲಿ ಎದುರು ಬರುವ ಬಸ್ಸಿನ ಚಾಲಕರನ್ನು ಕುರುಡಾಗಿಸಿದರೆ, ಆ ಬಸ್ಸು ಬರುವುದು ನಮ್ಮ ಮೇಲೆಯೇ.

ಕೊನೆಯ ಪರೀಕ್ಷೆ

ಕೆಲಸ ಮುಗಿದ ಮೇಲೆ ಎಂಜಿನ್ ತುಸು ಜೋರಾಗಿ ಓಡಿಸಿ, ಎಲ್ಲವನ್ನೂ ಹಾಕಿ, ಬ್ಯಾಟರಿಯ ಮೇಲೆ ಮೀಟರ್ ಹಿಡಿಯಿರಿ. 12 ವೋಲ್ಟಿನ ಗಾಡಿಯಲ್ಲಿ 13.5 ಅಥವಾ ಹೆಚ್ಚು ತೋರಿಸಿದರೆ ನಿಶ್ಚಿಂತೆ. 13ಕ್ಕಿಂತ ಕೆಳಗಿಳಿದರೆ ಠೇವಣಿ ಕರಗುತ್ತಿದೆಯೆಂದು ತಿಳಿದು ಖರ್ಚು ಇಳಿಸಬೇಕು. ದಾರಿಯಲ್ಲಿ ತಡೆಯಾಗಿ ನಿಂತಾಗ ಮಂಜುದೀಪ, ಫ್ಯಾನು ಆರಿಸಿ; ಹಿಂದಿನ ದೀಪ ಮತ್ತು ಮಿನುಗುವ ಎಚ್ಚರಿಕೆ ದೀಪ ಮಾತ್ರ ಇರಲಿ.

ಸಂಘದ ಗಾಡಿಗೆ ಇನ್ನು ಮುಂದೆ ಯಾವುದೇ ವಿದ್ಯುತ್ ಕೆಲಸದ ಬಿಲ್ಲು ಪಾಸಾಗಬೇಕಾದರೆ ಮೇಲಿನಂಥ ಆಂಪಿಯರ್ ಪಟ್ಟಿ ಲಗತ್ತಿಸಬೇಕೆಂದು ತೀರ್ಮಾನಿಸಿದ್ದೇವೆ. ಸದಸ್ಯರು ತಮ್ಮ ಗಾಡಿಯ ಪಟ್ಟಿಯನ್ನು ಮಳೆಗೆ ಮುಂಚೆಯೇ ಬರೆದು ನೋಡಲಿ. ಕೂಡಿಸುವುದರಲ್ಲಿ ಅನುಮಾನವಿದ್ದರೆ ಕಚೇರಿಗೆ ತನ್ನಿರಿ, ಒಟ್ಟಿಗೆ ಕುಳಿತು ನೋಡೋಣ. ಟಾರ್ಚು ಹಿಡಿದು ನಡೆದ ಆ ಹುಡುಗನ ಕೆಲಸ ನಮ್ಮ ಇನ್ನೊಬ್ಬರ ಮಕ್ಕಳಿಗೆ ಬರದಿರಲಿ.